ಹೆಸರಿಡದ ಕೂಸಿನ ರಾಜಿ

ಮಧ್ಯಸ್ಥಿಕೆ ನಡೆಸುವ ಕೋಣೆಯಲ್ಲಿ ಗುಂಡು ಮೇಜು ಇರಬೇಕು ಎಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಗುಂಡು ಮೇಜಿಗೆ ತಲೆಗಡೆ ಕಾಲ್ಗಡೆ ಎಂಬುದಿಲ್ಲ, ಸುತ್ತ ಕೂತವರೆಲ್ಲ ಸಮ ಎಂಬುದು ಅದರ ತಾತ್ಪರ್ಯ. ರೋಣದ ಕೋರ್ಟಿನಲ್ಲಿ ನನಗೆ ಕೊಟ್ಟ ಕೋಣೆಯಲ್ಲಿ ಇದ್ದದ್ದು ಒಂದು ಕಾಲು ಅಲುಗಾಡುವ ಉದ್ದನೆಯ ಮೇಜು, ಒಂದು ಗೋಡೆ ತುಂಬ ಹಳೆಯ ಕಡತಗಳು, ಅಂಗಳದ ಬೇವಿನ ಮರ ಕಾಣುವ ಒಂದು ಕಿಟಕಿ. ಮೇಜನ್ನು ಗೋಡೆಗೆ ದೂಡಿಸಿ ಕುರ್ಚಿಗಳನ್ನು ಸುತ್ತ ಹಾಕಿಸಿದೆ. ಮೇಜು ಗುಂಡಗಿಲ್ಲದಿದ್ದರೇನು, ನಾವೇ ಗುಂಡಗೆ ಕೂತರಾಯಿತು ಎಂದುಕೊಂಡೆ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳವು. ಸಂಸಾರದ ಜಗಳಗಳನ್ನು ಸಾಕ್ಷಿ, ಪಾಟೀಸವಾಲು ಎಂದು ಎಳೆಯುವ ಮೊದಲು ಮಧ್ಯಸ್ಥಿಕೆಗೆ ಕಳಿಸಿ ನೋಡೋಣ ಎಂಬ ಪದ್ಧತಿ ನಮ್ಮ ತಾಲ್ಲೂಕುಗಳಿಗೆ ಆಗಷ್ಟೇ ಬರುತ್ತಿತ್ತು. ನಾನು ನರಗುಂದದಲ್ಲಿ ವಕೀಲಿ ಮಾಡುವವಳು. ರೋಣದ ವಕೀಲರಲ್ಲಿ ಅರ್ಧ ಮಂದಿ ಈ ಗಂಡನ ಕಡೆಯವರಿಗೆ ಪರಿಚಿತರು, ಉಳಿದರ್ಧ ಮಂದಿ ಹೆಂಡತಿಯ ಅಪ್ಪನಿಗೆ. ಹೀಗಾಗಿ ಹೊರಗಿನವರೊಬ್ಬರು ಬೇಕೆಂದು ನ್ಯಾಯಾಧೀಶರು ನನ್ನನ್ನು ಕರೆಸಿದರು. ಹೊರಗಿನವಳೆಂದರೆ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಊಟದ ಹೊತ್ತಿಗೆ ಮನೆ ಸೇರಬಹುದಾದಷ್ಟು ಹೊರಗಿನವಳು.

ಅರ್ಜಿ ಗಂಡನದು. ಗಜೇಂದ್ರಗಡದಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟವನು. ಹೆಂಡತಿ ಕಾರಣವಿಲ್ಲದೆ ತವರಿನಲ್ಲಿ ಕೂತಿದ್ದಾಳೆ, ಬಾಳುವೆಗೆ ಕಳಿಸಿಕೊಡಿ ಎಂದು ಕೇಳಿದ್ದ. ಹೆಂಡತಿ ಯಾವಗಲ್ಲಿನ ಒಕ್ಕಲುತನದ ಮನೆಯವಳು. ತನಗೆ ಮಾನಸಿಕ ಹಿಂಸೆಯಾಗಿದೆ, ವಿಚ್ಛೇದನ ಬೇಕು ಎಂದು ಉತ್ತರ ಹಾಕಿದ್ದಳು. ಎರಡೂ ಕಾಗದದಲ್ಲಿ ವಕೀಲರ ಭಾಷೆ. ಹೆಸರು ಬದಲಿಸಿದರೆ ಯಾವ ಮನೆಯವರಿಗಾದರೂ ಹೊಂದುವಂತಿತ್ತು, ನಾನೂ ಅಂಥವನ್ನು ಬೇಕಾದಷ್ಟು ಬರೆದಿದ್ದೇನೆ.

ಇಬ್ಬರೂ ಒಪ್ಪುವ ಸಂಗತಿ ಇಷ್ಟು. ಚೊಚ್ಚಲ ಹೆರಿಗೆಗೆ ಅವಳು ಯಾವಗಲ್ಲಿಗೆ ಬಂದಳು. ಹೆಣ್ಣು ಕೂಸಾಯಿತು. ಅದೇ ದಿನ ಅತ್ತ ಗಜೇಂದ್ರಗಡದಲ್ಲಿ ಅವಳ ಮಾವ ಹೃದಯ ನಿಂತು ತೀರಿಹೋದ. ಕೆಲವು ತಿಂಗಳ ನಂತರ ಬಾಣಂತಿಯನ್ನು ಕರೆಯಲು ಗಂಡನ ಮನೆಯಿಂದ ಮೂವರು ಹೆಂಗಸರು ಬಂದರು. ತವರಿನವರು ಕಳಿಸಲಿಲ್ಲ. ಅಲ್ಲಿಂದ ಮಾತು ನಿಂತು ನೋಟೀಸು ಶುರುವಾಗಿ, ಈಗ ಆ ಕೂಸು ತಾನೇ ಓಡಾಡುವಷ್ಟು ದೊಡ್ಡದಾಗಿತ್ತು.

ಮೊದಲ ಬೈಠಕ್ಕಿನಲ್ಲಿ ನನ್ನ ನಿಯಮ ಹೇಳಿದೆ. "ಇಲ್ಲಿ ಆಡಿದ್ದು ಇಲ್ಲೇ ಉಳೀತದ. ಸಾಹೇಬ್ರಿಗೆ ನಾ ಹೇಳೂದು ಒಂದ ಮಾತು, ಆತು ಇಲ್ಲಾ ಆಗಲಿಲ್ಲ. ಒಬ್ಬೊಬ್ಬರನ್ನ ಬ್ಯಾರೆ ಕೂಡಿಸಿನೂ ಕೇಳ್ತೀನಿ. ಆವಾಗ ಹೇಳಿದ್ದು, ಅವರು ಹೂಂ ಅನ್ನೂತನಾ ಇನ್ನೊಬ್ಬರ ಕಿವಿಗೆ ಬೀಳಂಗಿಲ್ಲ. ಇನ್ನ, ಒಳಗ ನೀವಿಬ್ಬರ. ಹಿರ್ಯಾರು ಹೊರಗ."

ಹಿರಿಯರನ್ನು ಹೊರಗಿಡುವುದು ನಾನು ಪೆಟ್ಟು ತಿಂದು ಕಲಿತ ಪಾಠ. ನಮ್ಮಲ್ಲಿ ಗಂಡ ಹೆಂಡಿರ ಜಗಳಕ್ಕೆ ಹಿರಿಯರು ಕೂತರೆಂದರೆ ಮಾತು ಗಂಡ ಹೆಂಡಿರನ್ನು ಬಿಟ್ಟು ಮದುವೆಯ ಊಟದಲ್ಲಿ ಯಾರಿಗೆ ಮೊದಲು ಎಲೆ ಹಾಕಿದರು ಎಂಬಲ್ಲಿಗೆ ಹೋಗಿಬಿಡುತ್ತದೆ. ಹುಡುಗಿಯ ಅಪ್ಪ ಕೂಸನ್ನು ಎತ್ತಿಕೊಂಡು ಹೊರಗೆ ಹೋದ. ಹುಡುಗನ ತಾಯಿ ಒಳಗೆ ಬಂದೇ ಇರಲಿಲ್ಲ, ಬೇವಿನ ಮರದ ಕೆಳಗೆ ಕೂತಿದ್ದಳು.

"ನಮ್ಮ ಮನೀಲಿಂದ ಮೂರು ಮಂದಿ ಮುತ್ತೈದೇರು ಕರಿಯಾಕ ಹೋಗಿದ್ರಿ ಬಾಯಾರ," ಎಂದು ಗಂಡ ಶುರುಮಾಡಿದ. "ಚಾ ಕುಡಿಸಿ ಹೊಳ್ಳಿ ಕಳಿಸ್ಯಾರ. ಕರಿಯಾಕ ಬಂದವರನ್ನ ಬರಿಗೈಲೆ ಕಳಸ್ತಾರೇನ್ರಿ ಯಾರರ?"

"ಆ ಮೂವರು ಯಾರಂತ ಕೇಳ್ರಿ ಮದ್ಲ," ಎಂದಳು ಹೆಂಡತಿ. "ಓಣಿ ಮಂದಿ. ಕೂಸಿನ ಸ್ವಂತ ಅಜ್ಜಿ ಎಲ್ಲಿದ್ರು?"

"ಅವ್ವ ಈಗ ಎಲ್ಲಿಗೂ ಹೋಗಂಗಿಲ್ರಿ."

"ಕೋರ್ಟಿಗೆ ಮಾತ್ರ ತಪ್ಪದ ಬರ್ತಾರ."

ಹೊರಗಿನವರಿಗೆ ಇದು ಸಣ್ಣ ಮಾತೆನಿಸೀತು. ನಮ್ಮ ಕಡೆ ಬಾಣಂತಿಯನ್ನು ಕರೆಯಲು ಬರಬೇಕಾದವಳು ಅತ್ತೆ. ಅವಳೇ ಬಂದು, ಉಡಿ ತುಂಬಿ, ಕೂಸನ್ನು ತನ್ನ ಮಡಿಲಲ್ಲಿ ಹಾಕಿಕೊಂಡು ಒಯ್ಯಬೇಕು. ಆಕೆ ಬರಲಿಲ್ಲವೆಂದರೆ, ಸೊಸೆಯೂ ಕೂಸೂ ತನಗೆ ಬೇಕಾಗಿಲ್ಲ ಎಂದೇ ಊರು ತಿಳಿಯುತ್ತದೆ. ಆ ದಿನ ಅಷ್ಟಕ್ಕೇ ನಿಲ್ಲಿಸಿದೆ. ಜಗಳದ ತುದಿ ಕೈಗೆ ಸಿಕ್ಕಿತ್ತು, ಇನ್ನೆರಡು ಬೈಠಕ್ಕಿನಲ್ಲಿ ಮುಗಿಸುತ್ತೇನೆ ಎಂಬ ಧೈರ್ಯವಿತ್ತು.

ಎರಡನೇ ದಿನ ಎಡವಿದ್ದು ಬಸ್ಸಿನಲ್ಲಿ. ನರಗುಂದದಿಂದ ರೋಣಕ್ಕೆ ಹೋಗುವ ಹಾದಿಯಲ್ಲೇ ಯಾವಗಲ್. ಅಲ್ಲಿ ಬಸ್ಸು ನಿಂತಾಗ ಹೆಂಡತಿ, ಅವಳ ಅಪ್ಪ, ಕೂಸು ಮೂವರೂ ಹತ್ತಿದರು. ಖಾಲಿಯಿದ್ದದ್ದು ನನ್ನ ಪಕ್ಕದ ಸೀಟು ಮಾತ್ರ, ಕೂಸನ್ನೆತ್ತಿಕೊಂಡು ಅವಳು ಅಲ್ಲೇ ಕೂತಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ರೋಣದವರೆಗೂ ಸೂರ್ಯಕಾಂತಿ ಹೊಲಗಳನ್ನೇ ನೋಡಿದೆ. ಅವಳೂ ಜಾಣೆ, ಒಂದು ಮಾತು ಆಡಲಿಲ್ಲ. ಆದರೆ ಕೂಸಿಗೆ ಕಾನೂನು ಗೊತ್ತಿಲ್ಲವಲ್ಲ. ಇಳಿಯುವಾಗ ಅದು ನನ್ನ ಸೆರಗು ಹಿಡಿದುಕೊಂಡೇ ಇಳಿಯಿತು. ಎದುರಿನ ಚಹಾದಂಗಡಿಯಲ್ಲಿ ಗಂಡ ನಿಂತಿದ್ದ.

"ನೀವು ಅವರ ಜೋಡಿನ ಬರ್ತೀರಿ, ಅವರ ಜೋಡಿನ ಹೋಗ್ತೀರಿ. ಇನ್ನ ನನಗ ನ್ಯಾಯ ಎಲ್ಲಿ ಸಿಗಬೇಕ್ರಿ?" ಎಂದು ಅವನು ಕುರ್ಚಿಯ ಮೇಲೆ ಕೂರಲೇ ಇಲ್ಲ.

"ನ್ಯಾಯ ಕೊಡಾಕಿ ನಾ ಅಲ್ಲಪಾ. ಅದು ಬಾಜೂ ಖೋಲ್ಯಾಗಿನ ಸಾಹೇಬ್ರ ಕೆಲಸ," ಎಂದೆ. ಅವನು ನಗಲಿಲ್ಲ.

ಇಂಥ ಹೊತ್ತಿನಲ್ಲಿ ಸಮಜಾಯಿಷಿ ಕೊಡಬಾರದು. ಕೊಟ್ಟಷ್ಟೂ ಅನುಮಾನ ಬೆಳೆಯುತ್ತದೆ. ಎರಡೂ ಕಡೆಯ ವಕೀಲರನ್ನು ಕರೆಸಿ, ನಡೆದದ್ದನ್ನು ನಡೆದಂತೆ ಹೇಳಿ, ಯಾರಿಗೆ ಒಪ್ಪಿಗೆಯಿಲ್ಲವೋ ಹೇಳಿರಿ, ಈಗಲೇ ಕಡತ ವಾಪಸು ಕೊಡುತ್ತೇನೆ ಎಂದೆ. ಗಂಡನ ವಕೀಲರೇ ಜೋರಾಗಿ ನಕ್ಕರು. "ಏ ತಮ್ಮಾ, ಆ ಹಾದ್ಯಾಗ ಕೋರ್ಟಿನ ಟಾಯಮಿಗೆ ಇರೂದ ಅದೊಂದು ಬಸ್ಸು. ಬಾಯಾರು ಏನು ಹಾರಿ ಬರಬೇಕೇನು?" ಕೊನೆಗೆ ಅವನು ಒಂದು ಷರತ್ತಿನ ಮೇಲೆ ಒಪ್ಪಿದ. ನಾನು ಅವರ ಬಸ್ಸಿಗೆ ಬರಕೂಡದು.

ಹೀಗಾಗಿ ಮುಂದಿನ ತಾರೀಖಿಗೆ ನಾನು ಮುಂಜಾನೆಯ ಮೊದಲ ಬಸ್ಸಿಗೆ ಹೊರಟೆ. ಕೋರ್ಟಿನ ಕಸ ಗುಡಿಸುವ ಮೊದಲೇ ರೋಣದಲ್ಲಿದ್ದೆ. ನಿಷ್ಪಕ್ಷಪಾತಕ್ಕಾಗಿ ನಿದ್ದೆಗೆಟ್ಟ ವಕೀಲಳು ನಾನೊಬ್ಬಳೇ ಇರಬೇಕು ಎಂದು ನನ್ನ ಮೇಲೆ ನಾನೇ ಕನಿಕರಪಡುತ್ತ ಕಿಟಕಿ ತೆರೆದೆ. ಬೇವಿನ ಮರದ ಕೆಳಗೆ ಆಗಲೇ ಆ ಅತ್ತೆ ಕೂತಿದ್ದಳು. ಮಗ ಅಂಗಡಿ ತೆಗೆದು ಆಮೇಲೆ ಮೋಟಾರ್ ಸೈಕಲ್ಲಿನ ಮೇಲೆ ಬರುವವನು. ಇವಳು ಗಜೇಂದ್ರಗಡದಿಂದ ಒಬ್ಬಳೇ ಬಸ್ಸು ಹಿಡಿದು ಬಂದಿದ್ದಳು. ಬಿಸಿಲೇರಿ ನೆರಳು ಆಚೆ ಸರಿಯಿತು, ಆಕೆ ಸರಿಯಲಿಲ್ಲ. ಸುಡುವ ಬಿಸಿಲಲ್ಲಿ ಸೆರಗು ಹೊದ್ದು ಕೂತೇ ಇದ್ದಳು. ಇದೇನು ಹಟ ಎಂದು ನಾನೂ ಹೊರಗೆ ಹೋಗಿ ನೋಡಿದೆ. ಅಲ್ಲಿಂದ ಕೋರ್ಟಿನ ಗೇಟು ನೇರವಾಗಿ ಕಾಣುತ್ತಿತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಆ ದಿನ ಹೆಂಡತಿಯನ್ನು ಒಬ್ಬಳೇ ಕೂಡಿಸಿ ಮಾತಾಡಿಸಿದೆ. ವಿಚ್ಛೇದನವಾದರೆ ಕೂಸು ಯಾರ ಹತ್ತಿರ, ಅಪ್ಪ ಯಾವಾಗ ಬಂದು ನೋಡಬಹುದು ಎಂಬುದನ್ನೆಲ್ಲ ಬರೆಯಬೇಕಾಗುತ್ತದೆ ಎಂದು ಹಾಳೆ ತೆಗೆದು, "ಕೂಸಿನ ಹೆಸರೇನವಾ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಇನ್ನ ಹೆಸರ ಇಟ್ಟಿಲ್ರಿ. ಚಿನ್ನಿ ಚಿನ್ನಿ ಅಂತೀವಿ."

ನಾನು ಪೆನ್ನು ಕೆಳಗಿಟ್ಟೆ. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ಗಂಡನ ಅಕ್ಕನೋ ತಂಗಿಯೋ. ಹೆಸರು ಹೇಳಿದ ಕೂಡಲೇ ಉಳಿದ ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಮನೆಯ ಋಣ ಹರಿದುಕೊಳ್ಳಬೇಕೆಂದಿದ್ದ ಹೆಣ್ಣು ಸೋದರತ್ತೆಗಾಗಿ ಕಾಯುತ್ತಾಳೆಯೆ? ತನಗೆ ತಿಳಿದ ಹೆಸರು ಕರೆದು ಕೈತೊಳೆದುಕೊಳ್ಳುತ್ತಿದ್ದಳು. ಇವಳು ಕೂಸು ಓಡಾಡುವವರೆಗೂ ಅವರ ಜಾಗ ಖಾಲಿ ಬಿಟ್ಟುಕೊಂಡು ಕೂತಿದ್ದಳು. ಈ ಸಂಸಾರ ಮುರಿಯುವುದಿಲ್ಲ ಎಂದು ನನಗೆ ಆ ಗಳಿಗೆಯಲ್ಲೇ ಖಾತ್ರಿಯಾಯಿತು.

"ಖರೇ ಹೇಳು ತಂಗಿ, ನಿನಗ ಅಂಜಿಕಿ ಯಾತರದು?"

ಕೊನೆಗೆ ಹೇಳಿದಳು. ಮಾವನ ಮಣ್ಣಿಗೆ ಹೋಗಿ ಬಂದ ದೂರದ ಸಂಬಂಧಿಕನೊಬ್ಬ ಯಾವಗಲ್ಲಿನಲ್ಲಿ ಕೂತು ಆಡಿದ ಮಾತು ಅದು. ಕೂಸಿನ ಕಾಲ್ಗುಣ ಸರಿಯಿಲ್ಲ, ಹುಟ್ಟುತ್ತಲೇ ಅಜ್ಜನನ್ನು ನುಂಗಿತು ಎಂದು ಆ ಮನೆಯಲ್ಲಿ ಮಂದಿ ಅನ್ನುತ್ತಿದ್ದಾರೆ, ಎಂದಿದ್ದನಂತೆ.

"ನನಗ ಅಂದ್ರ ನಾ ತಡಕೋತೀನಿ ಬಾಯಾರ. ನನ್ನ ಕೂಸು ಆ ಮಾತು ಕೇಳ್ಕೋತ ಬೆಳೀಬಾರದು. ಅತ್ತಿ ಕರಿಯಾಕ ಬಂದಿದ್ರ ಅದು ಸುಳ್ಳು ಅಂತಿದ್ದೆ. ಬರಲಿಲ್ಲ."

"ಇದನ್ನ ನಿನ್ನ ಗಂಡಗ ಹೇಳ್ಲೇನು?"

"ಬ್ಯಾಡ್ರಿ! ಅವರ ಮನಸಿನ್ಯಾಗ ಇಲ್ಲದ ಮಾತು ನಾವ ಹಾಕಿದಂಗ ಆಗತೈತಿ. ಒಮ್ಮಿ ಕುಂತರ ಅದು ಹೋಗೂದಿಲ್ಲ."

ಅವಳ ಜಾಣತನಕ್ಕೆ ನನಗೆ ಅಭಿಮಾನವೆನಿಸಿತು, ಜೊತೆಗೆ ಸಂಕಟವೂ ಆಯಿತು. ಜಗಳದ ಬೇರು ನನ್ನ ಕೈಯಲ್ಲಿದೆ, ನಿಯಮದ ಪ್ರಕಾರ ಅದನ್ನು ಗಂಡನಿಗೆ ತೋರಿಸುವಂತಿಲ್ಲ. ಅಷ್ಟರಲ್ಲಿ ಕಿಟಕಿಯ ಹೊರಗೆ ಇನ್ನೊಂದು ನಡೆಯಿತು. ಯಾವಗಲ್ಲಿನ ಅಜ್ಜನ ಕೈ ಬಿಡಿಸಿಕೊಂಡ ಕೂಸು ತೊಡರುಗಾಲಲ್ಲಿ ಬೇವಿನ ಮರದ ಕಡೆ ಓಡಿತು. ಅತ್ತೆ ಗಡಬಡಿಸಿ ಎದ್ದು, ಸೆರಗಿನಿಂದ ಮುಖ ಮುಚ್ಚಿಕೊಂಡು, ಬೆನ್ನು ತಿರುಗಿಸಿ ಆಚೆ ನಡೆದುಬಿಟ್ಟಳು.

"ನೋಡಿದ್ರಿಲ್ಲೋ? ಇನ್ನೇನು ಉಳೀತ್ರಿ?" ಎಂದು ಹೆಂಡತಿ ಅತ್ತಳು. "ಆಗಲಿಲ್ಲಂತ ಸಾಹೇಬ್ರಿಗೆ ಬರದ ಬಿಡ್ರಿ."

ಬರೆಯುವುದು ಒಂದು ಸಾಲಿನ ಕೆಲಸ. ಹೊರಗಿನಿಂದ ನೋಡಿದರೆ ಅವಳ ಮಾತೇ ಸರಿ. ಆದರೆ ಬೇಡವಾದ ಕೂಸಿನ ದಾರಿ ಕಾಯಲು ಯಾರಾದರೂ ಬಿಸಿಲಲ್ಲಿ ಕೂರುತ್ತಾರೆಯೆ? ಮುಂಜಾನೆ ಕಂಡದ್ದಕ್ಕೂ ಈಗ ಕಂಡದ್ದಕ್ಕೂ ತಾಳೆಯಾಗಲಿಲ್ಲ. ನನ್ನ ನಿಯಮವನ್ನು ನಾನೇ ಮುರಿಯಲು ನಿರ್ಧರಿಸಿದೆ. ಹಿರಿಯರು ಹೊರಗೆ ಎಂದಿದ್ದೆನಲ್ಲ, ಆ ಹಿರಿಯಳನ್ನೇ ಒಳಗೆ ಕರೆಸಬೇಕು. ಆಕೆ ದಾವೆಯ ಪಕ್ಷಗಾರಳಲ್ಲ, ಆದ್ದರಿಂದ ಇಬ್ಬರ ಒಪ್ಪಿಗೆಯೂ ಬೇಕು. ಗಂಡ ಕೂಡಲೇ ಹೂಂ ಎಂದ. ಹೆಂಡತಿ, "ಏನರ ಮಾಡ್ರಿ," ಎಂದು ಕಣ್ಣೊರೆಸಿಕೊಂಡಳು. ಅದನ್ನೇ ಒಪ್ಪಿಗೆ ಎಂದು ತಿಳಿದು ಇಬ್ಬರನ್ನೂ ಹೊರಗೆ ಕಳಿಸಿದೆ.

ಅತ್ತೆ ಬಾಗಿಲಲ್ಲೇ ನಿಂತಳು. "ಕೂಸು ಒಳಗಿಲ್ಲಲ್ರಿ?" ಎಂದು ಕೇಳಿದಳು.

"ಇಲ್ಲ. ಬರ್ರಿ, ಕೂಡ್ರಿ. ಕೂಸು ಇದ್ದರ ಏನಾಗ್ತಿತ್ತು?"

ಕುರ್ಚಿಯ ತುದಿಯಲ್ಲಿ ಕೂತು ತನ್ನ ಬೋಳು ಹಣೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಈ ಮಾರಿ ತೊಗೊಂಡು ಹಸಗೂಸಿನ ಮುಂದ ಹ್ಯಾಂಗ ನಿಂದರ್ಲಿ ಬಾಯಾರ? ಕರಿಯಾಕ ಹೋಗೂದು ಮುತ್ತೈದೇರ ಕೆಲಸ. ನಾ ಹೋಗಿ ಉಡಿ ತುಂಬಿದ್ರ, ನಾಳೆ ಕೂಸಿಗೆ ನೆಗಡಿ ಬಂದ್ರೂ ನನ್ನ ಜೀವಾ ನನ್ನ ತಿಂತಿತ್ತು. ಅದಕ್ಕ ಚಲೋ ಮಂದೀನ ಆರಿಸಿ ಮೂವರನ್ನ ಕಳಿಸಿದ್ದೆ."

"ಮಗಗ ಹೇಳಿದ್ರ್ಯಾ?"

"ಗಂಡಮಕ್ಕಳಿಗೆ ಇದೆಲ್ಲಾ ಏನ್ ಹೇಳೂದ್ರಿ."

"ಮತ್ತ ಕೋರ್ಟಿಗೆ ಯಾಕ ಬರ್ತೀರಿ, ಅದೂ ಮದಲನೇ ಬಸ್ಸಿಗೆ?"

ಆಕೆ ಮೊದಲ ಸಲ ನಕ್ಕಳು, ಕಳ್ಳತನ ಸಿಕ್ಕಿಬಿದ್ದವರ ನಗು. "ನೋಡಾಕರಿ. ದೂರಿಂದ. ಗೇಟಿನ್ಯಾಗ ಬರೂದು ಕಾಣತೈತಿ. ತಾರೀಖು ಮುಂದ ಹ್ವಾದ್ರ ಎಲ್ಲಾರು ಬೈತಾರ, ನನಗ ಚಲೋನ ಆತು ಅನಸ್ತದ. ಕೇಸ್ ಮುಗದ್ರ ಮತ್ತ ಎಲ್ಲಿ ನೋಡ್ಲಿ?"

ವಕೀಲಿಯಲ್ಲಿ ನನ್ನ ಕೂದಲು ಬೆಳ್ಳಗಾಗಿದೆ. ತಾರೀಖು ಮುಂದೆ ಹೋಗಲೆಂದು ದೇವರಿಗೆ ಹರಸಿಕೊಳ್ಳುವ ಕಕ್ಷಿದಾರರನ್ನು ಬೇಕಾದಷ್ಟು ನೋಡಿದ್ದೇನೆ, ಇಂಥ ಕಾರಣಕ್ಕೆ ಹರಸಿಕೊಂಡವರನ್ನು ನೋಡಿರಲಿಲ್ಲ. ನನ್ನ ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಕೂಸಿಗೆ ಕೆಡುಕಾಗಬಾರದೆಂದು ಒಬ್ಬಳು ಕಳಿಸಲಿಲ್ಲ, ಅದೇ ಭಯದಿಂದ ಇನ್ನೊಬ್ಬಳು ಕರೆಯಲು ಹೋಗಲಿಲ್ಲ. ನಡುವೆ ಗಂಡಸರು ನೋಟೀಸು ಬರೆಸಿದ್ದರು.

ಆದರೂ ಸೊಸೆ ಹೇಳಿದ್ದನ್ನು ಅತ್ತೆಗೆ ನಾನು ಹೇಳುವಂತಿರಲಿಲ್ಲ. ಅತ್ತೆಯನ್ನು ಕೇಳಿದೆ, ಈಗ ನನಗೆ ಹೇಳಿದ್ದನ್ನು ಸೊಸೆಯ ಎದುರು ಹೇಳುತ್ತೀರಾ ಎಂದು. ಕೇಳಿದರೆ ಹೇಳುತ್ತೇನೆ ಎಂದಳು. ಸೊಸೆಯನ್ನು ಹೊರಗೆ ಪಡಸಾಲೆಯಲ್ಲಿ ಕಂಡು, "ನಿನ್ನ ಮಾತು ನನ್ನ ಹೊಟ್ಟ್ಯಾಗ ಐತಿ. ನೀ ಒಳಗ ಬಂದು ಒಂದ ಪ್ರಶ್ನಿ ಕೇಳು, ಸಾಕು. ಯಾಕ ಬರಲಿಲ್ಲ ಅಂತ," ಎಂದೆ. ಗಂಡನನ್ನೂ ಕರೆದು ಕೂಡಿಸಿದೆ, ಬಾಯಿ ತೆರೆಯಕೂಡದು ಎಂಬ ಕರಾರಿನ ಮೇಲೆ.

"ಯಾಕ ಬರಲಿಲ್ರಿ ಅತ್ತಿ?" ಎಂದು ಅವಳು ನೆಲ ನೋಡುತ್ತ ಕೇಳಿದಳು.

ಅತ್ತೆ ನನಗೆ ಹೇಳಿದ್ದನ್ನೇ ಹೇಳಿದಳು. ಕೇಳುತ್ತ ಕೇಳುತ್ತ ಸೊಸೆಯ ಮುಖ ಮೇಲೆದ್ದಿತು. ಯಾರಿಗೂ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡವಳು ತಾನೇ ಬಾಯಿಬಿಟ್ಟಳು. "ಕೂಸು ಮಾವನ್ನ ನುಂಗಿತು ಅಂತ ನೀವೆಲ್ಲಾ ಅಂದ್ರಂತ..."

"ಯಾರಂದವ್ರು?" ಅತ್ತೆ ಎದ್ದು ನಿಂತುಬಿಟ್ಟಳು. "ಕೂಸು ಹುಟ್ಟಿದ ಸುದ್ದಿ ಕೇಳಿ ಓಣಿಗೆಲ್ಲಾ ಸಕ್ಕರಿ ಹಂಚ್ಯಾರವ್ವಾ ಅವರು. ಬ್ಯಾಡಂದ್ರೂ ಕೇಳಲಿಲ್ಲ, ಮನಿ ಮನಿಗೆ ತಾವ ಹ್ವಾದ್ರು. ಬಂದು, ಲಕ್ಷ್ಮಿ ಬಂದ್ಲು ಅಂತ ಅಂದು ಮಲಗಿದ್ರು, ಏಳಲಿಲ್ಲ. ನಕ್ಕೋತ ಹೋಗ್ಯಾರ. ನನ್ನ ಮನ್ಯಾಗ ನಿಂತು ಯಾರರ ಹಂಗ ಅಂದಿದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತಿದ್ದೆ!"

ಆಮೇಲೆ ನಾನು ಮಾಡಿದ ಕೆಲಸ ಸುಮ್ಮನೆ ಕೂತದ್ದು. ತರಬೇತಿಯಲ್ಲಿ ಅದನ್ನೂ ಕಲಿಸುತ್ತಾರೆ, ನನಗೆ ಕಷ್ಟವಾಗುವ ಪಾಠ ಅದೊಂದೇ. ಗಂಡ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಇಷ್ಟು ದಿನ ಅವ್ವನನ್ನು ಒಂದು ಮಾತು ಕೇಳದೆ ವಕೀಲರನ್ನು ಮಾತ್ರ ಕೇಳಿದ್ದ.

ರಾಜಿಪತ್ರ ಬರೆಯಲು ಕೂತಾಗ ಸೊಸೆ ಪಟ್ಟು ಹಿಡಿದಳು. ಅತ್ತೆಯೇ ಯಾವಗಲ್ಲಿಗೆ ಬಂದು ಕರೆಯಬೇಕು. ಕೂಸಿನ ಹೆಸರು ಅವರೇ ಆರಿಸಬೇಕು. ಅವರ ಮಡಿಲಲ್ಲೇ ಕೂಸು ಹೊಸಿಲು ದಾಟಬೇಕು.

"ಮಂದಿ ಏನಂತಾರವ್ವಾ?" ಎಂದು ಅತ್ತೆ ಹಿಂಜರಿದಳು.

"ಮಂದಿ ಮಾತು ಕೇಳೇ ಇಲ್ಲಿತನಾ ಬಂದೀವ್ರಿ. ನೀವ ಬರದಿದ್ರ ನಾ ಬರಂಗಿಲ್ಲ."

ಇದೊಂದು ವಿಷಯದಲ್ಲಿ ಅತ್ತೆ ಸೊಸೆಗೆ ಸೋತಳು. ಷರತ್ತನ್ನು ಕೋರ್ಟಿನ ಭಾಷೆಯಲ್ಲಿ ಬರೆದು, ಮಗುವಿನ ಹೆಸರು ಎಂಬಲ್ಲಿ ನಿಲ್ಲಿಸಿ ಅತ್ತೆಯ ಮುಖ ನೋಡಿದೆ. ಆಕೆ ತಡವರಿಸಿದಳು. "ನಮ್ಮೂರ ಗುಡ್ಡದ ಮ್ಯಾಲಿನ ಸ್ವಾಮಿ ಹೆಸರ ಇರ್ಲಿರಿ. ಅವರದೂ ಅದ ಇತ್ತು." ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ಆ ತಲೆಮಾರಿನವರಿಗಿಲ್ಲ. ಮಗ ಮೆಲ್ಲಗೆ ನನ್ನ ಕಡೆ ಬಾಗಿ, "ಅಪ್ಪನ ಹೆಸರು ಕಳಕಪ್ಪ ಅಂತ್ರಿ," ಎಂದ. ಅದನ್ನೇ ಹೆಣ್ಣಿಗೆ ಒಪ್ಪಿಸಿ ಕಳಕವ್ವ ಎಂದು ಬರೆದೆ. ಸೊಸೆ ಅದನ್ನು ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜನನ್ನು ನುಂಗಿದ ಕೂಸು ಎಂದು ಇನ್ನು ಯಾರಾದರೂ ಹೇಗೆ ಅಂದಾರು?

ನ್ಯಾಯಾಧೀಶರು ರಾಜಿಪತ್ರ ಓದುತ್ತ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಅರ್ಜಿದಾರರ ತಾಯಿಯವರೇ ಖುದ್ದಾಗಿ ಹೋಗಿ ಕರೆತರತಕ್ಕದ್ದು. ಇದು ಬೇಕೇ ಬೇಕೇನ್ರಿ?" ಎಂದರು. "ಅದೊಂದ ಬೇಕಾಗಿತ್ತ್ರಿ ಸಾಹೇಬ್ರ. ಉಳಿದದ್ದೆಲ್ಲಾ ಅಲಂಕಾರ," ಎಂದೆ. ಸಹಿ ಬಿತ್ತು.

ಯಾವಗಲ್ಲಿನ ತೊಟ್ಟಿಲಿಗೆ ನನ್ನನ್ನೂ ಕರೆದರು. ಮಧ್ಯಸ್ಥಗಾರ್ತಿ ಒಂದು ಕಡೆಯ ಹೋಳಿಗೆ ಉಣ್ಣಬಾರದು ಎಂದು ಹೋಗಲಿಲ್ಲ. ಸೂಡಿಯಿಂದ ಬಂದ ಸೋದರತ್ತೆಗೆ ಬೆನ್ನು ನೋಯುವಷ್ಟು ಗುದ್ದು ಬಿದ್ದವಂತೆ, ಎಲ್ಲಕ್ಕಿಂತ ಜೋರಾಗಿ ಗುದ್ದಿದವಳು ಅಜ್ಜಿಯಂತೆ.

ಕೆಲವು ವಾರಗಳ ನಂತರ ಬೇರೆ ಕೇಸಿಗಾಗಿ ರೋಣಕ್ಕೆ ಹೊರಟಿದ್ದೆ, ಎಂದಿನ ಹೊತ್ತಿನ ಬಸ್ಸಿಗೇ. ಯಾವಗಲ್ಲಿನಲ್ಲಿ ಬಸ್ಸು ನಿಂತಿತು. ಮೊದಲು ಗಂಡ ಹತ್ತಿದ, ಕೈಯಲ್ಲಿ ಚೀಲಗಳು. ಹಿಂದೆ ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಹೊರಟ ಸೊಸೆ. ಅವಳ ಹಿಂದೆ ಅತ್ತೆ, ಕಂಕುಳಲ್ಲಿ ಕೂಸು. ಅವನು ನನ್ನನ್ನು ಕಂಡು ಬಸ್ಸಿಗೆಲ್ಲ ಕೇಳುವಂತೆ, "ಬಾಯಾರ, ಇವತ್ತ ಯಾರ ಕಡೆ ಅದೀರಿ?" ಎಂದ.

"ಬಾಜೂ ಸೀಟಿನ್ಯಾಗ ಕೂತವರ ಕಡೆ," ಎಂದೆ.

ನನ್ನ ಪಕ್ಕ ಅತ್ತೆ ಕೂತಳು. ಕೂಸು ಅವಳ ತೊಡೆಯ ಮೇಲೆ ನಿಂತು ಕಿಟಕಿಯಿಂದ ಕೈ ಹೊರಗೆ ಚಾಚಿತು. "ಕೈ ಒಳಗ ತೊಗೋರಿ. ಹಂಗ ಮಾಡಬಾರದ್ರಿ. ಕುಂದರ್ರಿ ಇಲ್ಲಿ," ಎಂದಳು ಅತ್ತೆ. ಮುಂದಿನ ಸೀಟಿನ ಹೆಂಗಸು ಹಿಂದಿರುಗಿ ನೋಡಿ ನಕ್ಕಳು. "ಏನವಾ ಇದು, ಮೊಮ್ಮಗಳಿಗೆ ರೀ ಅಂತಿ?"

ಅತ್ತೆ ಕೂಸಿನ ಕೈಯನ್ನು ಕಿಟಕಿಯಿಂದ ಒಳಗೆ ತಂದು ತನ್ನ ಬೋಳು ಹಣೆಗೆ ಒತ್ತಿಕೊಂಡಳು.

"ನಮ್ಮ ಮನಿಯವರ ಹೆಸರ ಐತಿ," ಎಂದಳು. "ಅವರನ್ನ ನಾ ಯಾವತ್ತೂ ಬಾ, ಹೋಗು ಅಂದಾಕಿ ಅಲ್ಲ."